ದೊಡ್ಡ ಕಂಪನಿಯ ಕಸ್ಟಮರ್ ಸಪೋರ್ಟ್ ಕೆಲಸದ ಸಂದರ್ಶನ: ಅರ್ಜಿಯಿಂದ ಆಫರ್ ಲೆಟರ್‌ವರೆಗೆ ಸಮಗ್ರ ಮಾರ್ಗದರ್ಶಿ

ಪದವಿ ಮುಗಿಸಿ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಬರುವ ನಮ್ಮ ಯುವಜನರಿಗೆ ಮೊದಲು ಎದುರಾಗುವ ಅವಕಾಶಗಳಲ್ಲಿ ಕಸ್ಟಮರ್ ಸಪೋರ್ಟ್ ಕೆಲಸವೂ ಒಂದು. ಆನ್‌ಲೈನ್ ಮಾರಾಟ ಸಂಸ್ಥೆಗಳು, ಬ್ಯಾಂಕುಗಳು, ವಿಮಾ ಕಂಪನಿಗಳು, ಮೊಬೈಲ್ ಸೇವಾ ಸಂಸ್ಥೆಗಳು ಇವೆಲ್ಲಕ್ಕೂ ಗ್ರಾಹಕರ ಕರೆ, ಚಾಟ್ ಮತ್ತು ಇಮೇಲ್‌ಗಳಿಗೆ ಉತ್ತರಿಸುವ ಜನ ಬೇಕು. ಕನ್ನಡದಲ್ಲೇ ಉತ್ತರಿಸಬಲ್ಲವರೂ ಬೇಕು. ಆದರೆ ಈ ಸಂದರ್ಶನಕ್ಕೆ ಹೋಗುವ ಹೆಚ್ಚಿನವರು ತಯಾರಿಯ ಸಮಯವನ್ನೆಲ್ಲ ಇಂಗ್ಲಿಷಿನ ಸ್ವಪರಿಚಯವನ್ನು ಬಾಯಿಪಾಠ ಮಾಡುವುದರಲ್ಲೇ ಕಳೆದುಬಿಡುತ್ತಾರೆ. ಸಂದರ್ಶಕರು ಅಳೆಯುವುದು ಬೇರೆಯದನ್ನು. ಎದುರಿನವರ ಮಾತನ್ನು ಈ ಅಭ್ಯರ್ಥಿ ಪೂರ್ತಿ ಕೇಳಿಸಿಕೊಳ್ಳುತ್ತಾರೆಯೇ, ಕೇಳಿಸಿಕೊಂಡದ್ದನ್ನು ಸರಿಯಾಗಿ ಗ್ರಹಿಸಿ, ತಾವು ಮಾಡಬಹುದಾದದ್ದನ್ನೂ ಮಾಡಲಾಗದ್ದನ್ನೂ ಸಮಾಧಾನದಿಂದ, ಗೊಂದಲವಿಲ್ಲದೆ ಹೇಳುತ್ತಾರೆಯೇ ಎಂಬುದೇ ಅವರ ಮುಖ್ಯ ಪ್ರಶ್ನೆ. ನೇಮಕಾತಿ ವಿಭಾಗದಿಂದ ಬರುವ ಮೊದಲ ಫೋನ್ ಕರೆಯಿಂದಲೇ ಈ ಪರೀಕ್ಷೆ ಶುರುವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಪರೀಕ್ಷೆಯಲ್ಲಿ ಹಿಂದೆ ಬೀಳಬೇಕಾದ ಕಾರಣವೇ ಇಲ್ಲ ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಕೆಲಸ ಯಾವುದು, ಸಂಬಳ ಕೊಡುವವರು ಯಾರು

ಜಾಹೀರಾತಿನಲ್ಲಿ ‘ಕಸ್ಟಮರ್ ಸಪೋರ್ಟ್ ಅಸೋಸಿಯೇಟ್’ ಎಂದಷ್ಟೇ ಇದ್ದರೆ ಅದರಿಂದ ಕೆಲಸದ ಸ್ವರೂಪ ತಿಳಿಯುವುದಿಲ್ಲ. ಫೋನಿನಲ್ಲಿ ಮಾತನಾಡುವ ಕೆಲಸವನ್ನು ವಾಯ್ಸ್ ಪ್ರೋಸೆಸ್ ಎಂದೂ, ಚಾಟ್ ಮತ್ತು ಇಮೇಲ್ ಕೆಲಸವನ್ನು ನಾನ್ ವಾಯ್ಸ್ ಎಂದೂ, ಎರಡೂ ಸೇರಿದ್ದನ್ನು ಬ್ಲೆಂಡೆಡ್ ಎಂದೂ ಕರೆಯುತ್ತಾರೆ. ಗ್ರಾಹಕರೇ ಕರೆ ಮಾಡಿದರೆ ಇನ್‌ಬೌಂಡ್. ಕಂಪನಿಯ ಕಡೆಯಿಂದ ಕರೆ ಹೋದರೆ ಔಟ್‌ಬೌಂಡ್. ಔಟ್‌ಬೌಂಡ್ ಎಂದಾಗ ಅದರೊಳಗೆ ಮಾರಾಟದ ಗುರಿ ಅಥವಾ ಸಾಲ ವಸೂಲಿ ಸೇರಿದೆಯೇ ಎಂದು ಕೇಳಲೇಬೇಕು, ಏಕೆಂದರೆ ಅದು ಸಪೋರ್ಟ್‌ಗಿಂತ ತೀರ ಭಿನ್ನವಾದ ಕೆಲಸ. ದೇಶದೊಳಗಿನ ಗ್ರಾಹಕರ ಡೊಮೆಸ್ಟಿಕ್ ಪ್ರೋಸೆಸ್‌ನಲ್ಲಿ ಕನ್ನಡ, ಹಿಂದಿ ಮತ್ತು ಸಾಧಾರಣ ಇಂಗ್ಲಿಷ್ ಸಾಕಾಗಬಹುದು. ಅಮೆರಿಕ ಅಥವಾ ಬ್ರಿಟನ್ ಗ್ರಾಹಕರ ಇಂಟರ್‌ನ್ಯಾಷನಲ್ ಪ್ರೋಸೆಸ್‌ನಲ್ಲಿ ಇಂಗ್ಲಿಷಿನ ಮಟ್ಟವೂ ರಾತ್ರಿ ಪಾಳಿಯೂ ಹೆಚ್ಚು.

ಇನ್ನೊಂದು ಸಂಗತಿಯನ್ನು ಹಲವರು ಆಫರ್ ಬಂದ ಮೇಲಷ್ಟೇ ಗಮನಿಸುತ್ತಾರೆ. ಹೆಸರಾಂತ ಬ್ರ್ಯಾಂಡ್‌ಗಳು ತಮ್ಮ ಗ್ರಾಹಕ ಸೇವೆಯ ಒಂದು ಭಾಗವನ್ನು ಕಾನ್ಸೆಂಟ್ರಿಕ್ಸ್, ಟೆಲಿಪರ್ಫಾರ್ಮೆನ್ಸ್‌ನಂಥ ಹೊರಗುತ್ತಿಗೆ ಸಂಸ್ಥೆಗಳಿಗೆ ವಹಿಸುವುದುಂಟು. ಅಂಥ ಕಡೆ ನೀವು ಮಾತನಾಡುವುದು ಬ್ರ್ಯಾಂಡಿನ ಹೆಸರಿನಲ್ಲಾದರೂ ನಿಮ್ಮ ನೇಮಕಾತಿ ಪತ್ರ, ಸಂಬಳ ಮತ್ತು ಬಡ್ತಿ ಹೊರಗುತ್ತಿಗೆ ಸಂಸ್ಥೆಯದಾಗಿರುತ್ತದೆ. ಇದರಲ್ಲಿ ಕೀಳೆನಿಸುವಂಥದ್ದೇನೂ ಇಲ್ಲ. ಆದರೆ ‘ನಾನು ಯಾರ ಪೇರೋಲ್‌ನಲ್ಲಿ ಇರುತ್ತೇನೆ’ ಎಂದು ಅರ್ಜಿ ಹಾಕುವಾಗಲೇ ಕೇಳಿ ತಿಳಿದುಕೊಂಡರೆ ಸಂದರ್ಶನದಲ್ಲಿ ಯಾವ ಕಂಪನಿಯ ಬಗ್ಗೆ ಓದಿಕೊಂಡು ಹೋಗಬೇಕೆಂಬುದು ಸ್ಪಷ್ಟವಾಗುತ್ತದೆ. ಉತ್ತರ ಎರಡೂ ಆಗಿರಬಹುದು: ನೇಮಿಸಿಕೊಳ್ಳುವ ಸಂಸ್ಥೆ ಮತ್ತು ಅದರ ಕ್ಲೈಂಟ್.

ಎರಡನೆಯ ಹೆಜ್ಜೆ: ಅರ್ಜಿ

ಕಂಪನಿಯ ಸ್ವಂತ ಜಾಲತಾಣದ ಕೆರಿಯರ್ಸ್ ಪುಟ, ಒಳಗೆ ಕೆಲಸ ಮಾಡುತ್ತಿರುವ ಪರಿಚಿತರ ರೆಫರಲ್, ನೇರವಾಗಿ ಹೋಗಿ ಸಂದರ್ಶನ ಕೊಡುವ ವಾಕ್‌-ಇನ್ ಮತ್ತು ಉದ್ಯೋಗ ಮೇಳ, ಈ ನಾಲ್ಕು ದಾರಿಗಳಲ್ಲಿ ರೆಫರಲ್‌ಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರೆಫರ್ ಮಾಡುವವರಿಂದ ಆ ಪ್ರೋಸೆಸ್‌ನ ಪಾಳಿ, ಕರೆಗಳ ಒತ್ತಡ, ಸಂದರ್ಶನದ ಸುತ್ತುಗಳು ಎಲ್ಲವೂ ಮೊದಲೇ ತಿಳಿಯುತ್ತವೆ. ರೆಸ್ಯೂಮೆ ಒಂದೇ ಪುಟದ್ದಿರಲಿ. ಗೊತ್ತಿರುವ ಭಾಷೆಗಳನ್ನು ಬರೆಯುವಾಗ ಮಾತು, ಓದು, ಬರಹ ಯಾವುದು ಬರುತ್ತದೆ ಎಂದು ಬಿಡಿಸಿ ಬರೆಯಿರಿ. ಅನುಭವವಿಲ್ಲದವರು ಆ ಭಾಗವನ್ನು ಖಾಲಿ ಬಿಡಬೇಕಿಲ್ಲ. ಅಂಗಡಿಯ ಕೌಂಟರಿನಲ್ಲಿ ನಿಂತದ್ದು, ಕಾಲೇಜಿನ ಪ್ರವೇಶಾತಿ ಸಮಯದಲ್ಲಿ ಪೋಷಕರಿಗೆ ಮಾಹಿತಿ ಕೊಟ್ಟದ್ದು, ಹಾಲಿನ ಡೇರಿಯಲ್ಲಿ ಲೆಕ್ಕ ಬರೆದದ್ದು, ಇವೆಲ್ಲ ಜನರೊಂದಿಗೆ ವ್ಯವಹರಿಸಿದ ನಿಜವಾದ ಅನುಭವಗಳು.

ಕೆಲಸ ಕೊಡಿಸುವ ಹೆಸರಿನಲ್ಲಿ ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಮುಂಗಡ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಆಫರ್ ಲೆಟರ್ ಉಚಿತ ಇಮೇಲ್ ವಿಳಾಸದಿಂದಲೋ ಬರೀ ವಾಟ್ಸ್‌ಆ್ಯಪ್‌ನಲ್ಲೋ ಬಂದರೆ ಕಂಪನಿಯ ಅಧಿಕೃತ ಪುಟದಲ್ಲಿ ಆ ಹುದ್ದೆ ಇದೆಯೇ ಎಂದು ನೋಡಿ. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗಳಿಗೆ ಹೋಗುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು.

ಮೂರನೆಯ ಹೆಜ್ಜೆ: ಎಚ್‌ಆರ್‌ನಿಂದ ಬರುವ ಮೊದಲ ಕರೆ

ಈ ಕರೆ ಐದು ನಿಮಿಷ ಮೀರುವುದು ಕಡಿಮೆ. ಆದರೂ ಅಲ್ಲೇ ಅನೇಕರು ಹೊರಬೀಳುತ್ತಾರೆ. ಬಸ್ಸಿನಲ್ಲೋ ಸಂತೆಯ ಗದ್ದಲದಲ್ಲೋ ಇದ್ದರೆ, ‘ಮೇಡಂ, ನಾನೀಗ ಪ್ರಯಾಣದಲ್ಲಿದ್ದೇನೆ, ನಿಮ್ಮ ಮಾತು ಸ್ಪಷ್ಟವಾಗಿ ಕೇಳುತ್ತಿಲ್ಲ, ಅರ್ಧ ಗಂಟೆಯ ನಂತರ ಇದೇ ನಂಬರಿಗೆ ನಾನೇ ಕರೆ ಮಾಡಬಹುದೇ’ ಎಂದು ಕೇಳುವುದು ತಪ್ಪಲ್ಲ. ಅರ್ಧಂಬರ್ಧ ಕೇಳಿಸಿಕೊಂಡು ಊಹೆಯ ಮೇಲೆ ಉತ್ತರಿಸುವವರಿಗಿಂತ ಹೀಗೆ ಸಮಯ ಕೇಳಿ ಅದೇ ಸಮಯಕ್ಕೆ ಕರೆ ಮಾಡುವವರ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡುತ್ತದೆ. ವಿದ್ಯಾಭ್ಯಾಸ, ಈಗಿರುವ ಊರು, ಪಾಳಿಗೆ ಒಪ್ಪಿಗೆಯೇ, ಎಂದಿನಿಂದ ಸೇರಬಹುದು, ಇಷ್ಟೇ ಪ್ರಶ್ನೆಗಳಿರುತ್ತವೆ. ಕರೆ ಮುಗಿಸುವ ಮುನ್ನ ಸಂದರ್ಶನದ ದಿನ, ವಿಳಾಸ, ಭೇಟಿಯಾಗಬೇಕಾದವರ ಹೆಸರು ಮತ್ತು ತರಬೇಕಾದ ದಾಖಲೆಗಳನ್ನು ನೀವೇ ಒಮ್ಮೆ ಹೇಳಿ ಖಚಿತಪಡಿಸಿಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಗ್ರಾಹಕರೊಂದಿಗೂ ಮಾಡಬೇಕಾದದ್ದು ಇದನ್ನೇ ಎಂಬುದು ಕರೆ ಮಾಡಿದವರಿಗೂ ಗೊತ್ತು.

ನಾಲ್ಕನೆಯ ಹೆಜ್ಜೆ: ಕಂಪ್ಯೂಟರ್ ಪರೀಕ್ಷೆಗಳು

ಟೈಪಿಂಗ್, ವ್ಯಾಕರಣ, ಓದಿ ಅರ್ಥಮಾಡಿಕೊಳ್ಳುವುದು ಮತ್ತು ಸರಳ ತರ್ಕದ ಪ್ರಶ್ನೆಗಳು ಸಾಮಾನ್ಯವಾಗಿ ಇರುತ್ತವೆ. ಚಾಟ್ ಕೆಲಸಕ್ಕೆ ಟೈಪಿಂಗ್ ವೇಗದ ಜತೆಗೆ ತಪ್ಪಿಲ್ಲದಿರುವುದೂ ಮುಖ್ಯ. ಕನ್ನಡ ಚಾಟ್ ಇರುವ ಹುದ್ದೆಯಾದರೆ ನುಡಿ ಕೀಲಿಮಣೆ ವಿನ್ಯಾಸವನ್ನೋ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿಧಾನವನ್ನೋ ಕಂಪ್ಯೂಟರಿನಲ್ಲಿ ರೂಢಿಸಿಕೊಂಡಿರಬೇಕು. ಮೊಬೈಲಿನಲ್ಲಿ ವೇಗವಾಗಿ ಬರೆಯುವವರೂ ದೊಡ್ಡ ಕೀಬೋರ್ಡ್ ಮುಂದೆ ತಡವರಿಸುವುದುಂಟು.

ಇಂಗ್ಲಿಷ್ ಮಾತಿನ ಪರೀಕ್ಷೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಪಿಯರ್ಸನ್ ಸಂಸ್ಥೆಯ ವರ್ಸೆಂಟ್. ಇದರಲ್ಲಿ ಎದುರಿಗೆ ಮನುಷ್ಯರಿರುವುದಿಲ್ಲ, ನಿಮ್ಮ ಧ್ವನಿಗೆ ಯಂತ್ರವೇ ಅಂಕ ಕೊಡುತ್ತದೆ. ವಾಕ್ಯಗಳನ್ನು ಗಟ್ಟಿಯಾಗಿ ಓದುವುದು, ಕೇಳಿದ ವಾಕ್ಯವನ್ನು ಹಾಗೆಯೇ ಮತ್ತೆ ಹೇಳುವುದು, ಒಂದೆರಡು ಪದದ ಉತ್ತರ ಕೊಡುವುದು, ಚದುರಿದ ಪದಗುಚ್ಛಗಳನ್ನು ಜೋಡಿಸಿ ವಾಕ್ಯ ಮಾಡುವುದು, ಕೇಳಿದ ಪುಟ್ಟ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳುವುದು, ಇವು ಅದರ ಭಾಗಗಳು. ಗಮನಿಸಿ ನೋಡಿದರೆ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಿವಿಯ ಪರೀಕ್ಷೆಯೇ. ಆದ್ದರಿಂದ ದಿನವೂ ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನು ಹಾಕಿಕೊಂಡು, ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದನ್ನೇ ಹೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಹೋಲಿಸಿ ನೋಡುವುದು ಯಾವ ದುಬಾರಿ ಕೋರ್ಸಿಗೂ ಕಡಿಮೆಯಿಲ್ಲದ ಅಭ್ಯಾಸ.

ಐದನೆಯ ಹೆಜ್ಜೆ: ವಾಯ್ಸ್ ಅಂಡ್ ಆ್ಯಕ್ಸೆಂಟ್ ಸುತ್ತು

ಇಲ್ಲಿ ‘ನಿಮ್ಮ ಊರಿನ ಬಗ್ಗೆ ಎರಡು ನಿಮಿಷ ಹೇಳಿ’, ‘ನಿನ್ನೆಯ ದಿನ ಹೇಗೆ ಕಳೆಯಿತು’ ಎಂಬಂಥ ಸರಳ ವಿಷಯ ಕೊಟ್ಟು ಮಾತಾಡಿಸುತ್ತಾರೆ. ಅವರು ಹುಡುಕುವುದು ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ಮಾತೃಭಾಷೆಯ ಉಚ್ಚಾರದ ಪ್ರಭಾವ ಎಷ್ಟಿದೆ ಎಂಬುದನ್ನು. ವಿದೇಶಿ ಉಚ್ಚಾರವನ್ನು ಅನುಕರಿಸುವ ಪ್ರಯತ್ನ ಬೇಡವೇ ಬೇಡ. ಅದು ಕೃತಕವಾಗಿ ಕೇಳಿಸುತ್ತದೆ ಮತ್ತು ಮಾತು ತಡವರಿಸುವಂತೆ ಮಾಡುತ್ತದೆ. ಕನ್ನಡಿಗರು ತಿದ್ದಿಕೊಳ್ಳಬೇಕಾದವು ಕೆಲವೇ ಕೆಲವು: ಪದದ ಕೊನೆಗೆ ಉಕಾರ ಸೇರಿಸುವುದು, ‘ಎ’ಕಾರದಿಂದ ಶುರುವಾಗುವ ಪದಕ್ಕೆ ‘ಯ’ಕಾರ ಅಂಟಿಸುವುದು, ‘ಫ’ ಮತ್ತು ‘ಪ’ಗಳ ವ್ಯತ್ಯಾಸ ಮರೆಯುವುದು. ಕನ್ನಡ ಪ್ರೋಸೆಸ್‌ನ ಸಂದರ್ಶನದಲ್ಲಿ ಅಕಾರ ಹಕಾರ, ಶ ಸ, ಲ ಳ ಇವುಗಳನ್ನೂ ಗಮನಿಸುತ್ತಾರೆ. ಅಲ್ಲಿ ಕಲಬುರಗಿಯವರ ಕನ್ನಡವೂ ಮಂಗಳೂರಿನವರ ಕನ್ನಡವೂ ಚಾಮರಾಜನಗರದವರ ಕನ್ನಡವೂ ನಿಮಗೆ ಅರ್ಥವಾಗಬೇಕು, ನಿಮ್ಮದು ಅವರೆಲ್ಲರಿಗೂ ಅರ್ಥವಾಗಬೇಕು.

ಪದ ಸಿಗದೆ ತಡೆದಾಗ ಗಾಬರಿಯಿಂದ ವೇಗ ಹೆಚ್ಚಿಸುವುದು ಎಲ್ಲರೂ ಮಾಡುವ ತಪ್ಪು. ಒಂದು ಕ್ಷಣ ನಿಂತು, ಗೊತ್ತಿರುವ ಸರಳ ಪದದಲ್ಲೇ ವಾಕ್ಯ ಮುಗಿಸಿ.

ಆರನೆಯ ಹೆಜ್ಜೆ: ಮಾಕ್ ಕಾಲ್

ಈ ಸುತ್ತಿಗೆ ಉಳಿದೆಲ್ಲ ಸುತ್ತುಗಳಿಗಿಂತ ಹೆಚ್ಚು ಸಮಯ ಕೊಡಿ. ಸಂದರ್ಶಕರು ಗ್ರಾಹಕರಾಗುತ್ತಾರೆ, ನೀವು ಅಸೋಸಿಯೇಟ್ ಆಗುತ್ತೀರಿ. ಪ್ರಸಂಗ ಹೀಗಿದೆಯೆಂದು ಇಟ್ಟುಕೊಳ್ಳೋಣ: ಆ್ಯಪ್‌ನಲ್ಲಿ ‘ಪಾರ್ಸೆಲ್ ತಲುಪಿಸಲಾಗಿದೆ’ ಎಂದು ತೋರಿಸುತ್ತಿದೆ, ಆದರೆ ಗ್ರಾಹಕರಿಗೆ ಪಾರ್ಸೆಲ್ ಬಂದಿಲ್ಲ.

‘ಏನ್ರೀ ನಿಮ್ಮ ಕಂಪನಿ! ಮಗಳ ಹುಟ್ಟುಹಬ್ಬಕ್ಕೆ ಅಂತ ತರಿಸಿದ್ದು, ಡೆಲಿವರಿ ಆಗಿದೆ ಅಂತ ಮೆಸೇಜ್ ಬಂದಿದೆ, ಮನೆಗೆ ಯಾರೂ ಬಂದಿಲ್ಲ. ದುಡ್ಡು ವಾಪಸ್ ಹಾಕಿ ಈಗಲೇ!’

ಇಲ್ಲಿ ಬಹಳಷ್ಟು ಅಭ್ಯರ್ಥಿಗಳು ಗ್ರಾಹಕರ ಮಾತು ಮುಗಿಯುವ ಮುನ್ನವೇ ‘ಸಾರಿ ಸರ್, ನಿಮ್ಮ ಆರ್ಡರ್ ನಂಬರ್ ಹೇಳಿ’ ಎನ್ನುತ್ತಾರೆ. ಗ್ರಾಹಕರು ಪೂರ್ತಿ ಮಾತಾಡಲಿ. ಅವರು ಹೇಳಿದ್ದರಲ್ಲಿ ಮೂರು ಸಂಗತಿಗಳಿವೆ: ಮಗಳ ಹುಟ್ಟುಹಬ್ಬ, ಸುಳ್ಳು ಮೆಸೇಜ್, ಹಣ ವಾಪಸ್ ಬೇಕೆಂಬ ಬೇಡಿಕೆ. ನಿಮ್ಮ ಮೊದಲ ಉತ್ತರದಲ್ಲಿ ಈ ಮೂರೂ ಕಾಣಬೇಕು.

‘ಸರ್, ಮಗಳ ಹುಟ್ಟುಹಬ್ಬಕ್ಕೆ ತರಿಸಿದ ವಸ್ತು ಕೈಗೆ ಬಾರದೆಯೇ ತಲುಪಿದೆ ಎಂಬ ಮೆಸೇಜ್ ಬಂದರೆ ಬೇಸರವಾಗುವುದು ಸಹಜ, ಇದಕ್ಕಾಗಿ ಕ್ಷಮೆ ಕೇಳುತ್ತೇನೆ. ಪಾರ್ಸೆಲ್ ಎಲ್ಲಿದೆ ಎಂದು ಈಗಲೇ ನೋಡಿ, ಅದನ್ನು ತಲುಪಿಸಬಹುದೇ ಅಥವಾ ಹಣ ಹಿಂದಿರುಗಿಸಬೇಕೇ ಎಂಬುದನ್ನು ಇದೇ ಕರೆಯಲ್ಲಿ ತಿಳಿಸುತ್ತೇನೆ. ದಯವಿಟ್ಟು ಆರ್ಡರ್ ನಂಬರ್ ಮತ್ತು ನೋಂದಾಯಿಸಿದ ಹೆಸರು ಹೇಳುತ್ತೀರಾ?’

ಹಣ ಖಂಡಿತ ಬರುತ್ತದೆ ಎಂದು ಇಲ್ಲಿ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ಮುಂದೇನು ಮಾಡುತ್ತೇನೆ ಎಂಬುದನ್ನು ಮಾತ್ರ ಹೇಳಿದೆ. ಪರಿಶೀಲಿಸುವ ಮೊದಲೇ ಭರವಸೆ ಕೊಡುವುದು ಈ ಸುತ್ತಿನಲ್ಲಿ ಅತಿ ಹೆಚ್ಚು ಅಂಕ ಕಳೆಯುವ ತಪ್ಪು. ಮಾಹಿತಿ ನೋಡಲು ಸಮಯ ಬೇಕಾದರೆ ಹೋಲ್ಡ್ ಹಾಕುವುದಕ್ಕೂ ಒಂದು ಕ್ರಮವಿದೆ: ಕಾರಣ ಹೇಳಿ, ಎಷ್ಟು ಸಮಯವೆಂದು ತಿಳಿಸಿ, ಅನುಮತಿ ಪಡೆದು ಹೋಲ್ಡ್ ಹಾಕಬೇಕು, ಆ ಸಮಯದೊಳಗೇ ಮರಳಿ ಬಂದು ಕಾದದ್ದಕ್ಕೆ ಧನ್ಯವಾದ ಹೇಳಬೇಕು. ಹೋಲ್ಡ್ ಹಾಕದೆ ಸುಮ್ಮನಾಗಿಬಿಟ್ಟರೆ ಅದನ್ನು ಡೆಡ್ ಏರ್ ಎನ್ನುತ್ತಾರೆ; ‘ನಿಮ್ಮ ಆರ್ಡರ್ ವಿವರ ತೆರೆಯುತ್ತಿದ್ದೇನೆ ಸರ್’ ಎಂಬ ಒಂದು ಮಾತು ಅದನ್ನು ತಪ್ಪಿಸುತ್ತದೆ.

ನಂತರ ಕೇಳಬೇಕಾದ ಪ್ರಶ್ನೆಗಳಲ್ಲಿ ನಿಮ್ಮ ವಿವೇಚನೆ ಗೊತ್ತಾಗುತ್ತದೆ. ವಿಳಾಸ ಸರಿಯಿದೆಯೇ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರ ಬಳಿಯೋ ಪಕ್ಕದ ಮನೆಯವರ ಬಳಿಯೋ ವಿಚಾರಿಸಿದ್ದೀರಾ, ಡೆಲಿವರಿಯವರಿಂದ ಕರೆ ಬಂದಿತ್ತೇ ಎಂದು ಕೇಳುವಾಗ ಗ್ರಾಹಕರನ್ನೇ ಅನುಮಾನಿಸುತ್ತಿರುವಂತೆ ಧ್ವನಿ ಇರಬಾರದು. ಆಮೇಲೆ ಮಾಡುವ ಕ್ರಮ, ಅದಕ್ಕೆ ಹಿಡಿಯುವ ಸಮಯ, ದೂರಿನ ಸಂಖ್ಯೆ ಇವನ್ನು ಹೇಳಿ, ಎಲ್ಲವನ್ನೂ ಒಮ್ಮೆ ಚಿಕ್ಕದಾಗಿ ಮತ್ತೆ ಹೇಳಿ, ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿ ಕರೆ ಮುಗಿಸಿ. ಮಾಕ್ ಕಾಲ್‌ನಲ್ಲಿ ಕಂಪನಿಯ ನಿಯಮಗಳು ನಿಮಗೆ ಗೊತ್ತಿರುವುದಿಲ್ಲವೆಂಬುದು ಸಂದರ್ಶಕರಿಗೂ ಗೊತ್ತು. ಆದ್ದರಿಂದ ಸಮಯವನ್ನು ಮನಸ್ಸಿಗೆ ಬಂದಂತೆ ಹೇಳುವ ಬದಲು, ‘ಖಚಿತ ದಿನಾಂಕವನ್ನು ಪರಿಶೀಲಿಸಿ ಇಂದು ಸಂಜೆಯೊಳಗೆ ಮೆಸೇಜ್ ಮೂಲಕ ತಿಳಿಸುತ್ತೇವೆ’ ಎನ್ನುವುದೇ ಸುರಕ್ಷಿತ.

ಸಂದರ್ಶಕರು ಬೇಕೆಂದೇ ಕೆಲವು ಸಿಕ್ಕುಗಳನ್ನು ಒಡ್ಡುತ್ತಾರೆ. ಬ್ಯಾಂಕ್ ಸಂಬಂಧಿತ ಕರೆಯಲ್ಲಿ ಗ್ರಾಹಕರ ಪಾತ್ರದವರು ತಾವಾಗಿಯೇ ‘ಒಟಿಪಿ ಬಂದಿದೆ, ಬರೆದುಕೊಳ್ಳಿ’ ಎನ್ನಬಹುದು. ತಕ್ಷಣ ವಿನಯದಿಂದ ತಡೆದು, ಒಟಿಪಿ, ಪಿನ್, ಸಿವಿವಿ ಇವನ್ನು ನಮಗೂ ಸೇರಿದಂತೆ ಯಾರಿಗೂ ಹೇಳಬಾರದು ಎಂದು ತಿಳಿಸಬೇಕು. ‘ನನ್ನ ಹೆಂಡತಿಯ ಖಾತೆಯಲ್ಲಿ ಎಷ್ಟು ಹಣವಿದೆ ನೋಡಿ’ ಎಂದರೆ, ಖಾತೆದಾರರೇ ಮಾತನಾಡಿದರೆ ಮಾತ್ರ ವಿವರ ಕೊಡಲು ಸಾಧ್ಯವೆಂದು ಹೇಳಬೇಕು. ‘ನಿಮ್ಮ ಮೇಲಿನವರಿಗೆ ಫೋನ್ ಕೊಡಿ’ ಎಂದರೆ ಅದನ್ನು ಅವಮಾನವೆಂದು ಭಾವಿಸದೆ, ಒಮ್ಮೆ ತಾವೇ ಪರಿಹರಿಸುವ ಅವಕಾಶ ಕೇಳಿ, ಅವರು ಒಪ್ಪದಿದ್ದರೆ ನಡೆದದ್ದನ್ನೆಲ್ಲ ದಾಖಲಿಸಿ ಸೂಪರ್‌ವೈಸರ್‌ಗೆ ವರ್ಗಾಯಿಸುವುದಾಗಿ ಹೇಳಬೇಕು. ಗ್ರಾಹಕರು ಎಷ್ಟೇ ಏರುದನಿಯಲ್ಲಿ ಮಾತಾಡಿದರೂ ನಿಮ್ಮ ದನಿ ಏರಬಾರದು. ಹಾಗೆಂದು ಪ್ರತಿ ವಾಕ್ಯಕ್ಕೂ ಕ್ಷಮೆ ಕೇಳುತ್ತಿದ್ದರೆ ಆ ಕ್ಷಮೆಗೆ ಬೆಲೆ ಉಳಿಯುವುದಿಲ್ಲ.

ಮನೆಯಲ್ಲಿ ಇದನ್ನು ಅಭ್ಯಾಸ ಮಾಡುವಾಗ ಗೆಳೆಯರನ್ನು ಎದುರಿಗೆ ಕೂರಿಸಿಕೊಳ್ಳಬೇಡಿ. ಅವರು ಬೇರೆ ಕೋಣೆಯಿಂದ ಫೋನ್ ಮಾಡಲಿ; ಮುಖ ಕಾಣದಿದ್ದಾಗಲೇ ಧ್ವನಿ ಎಷ್ಟು ಹೇಳುತ್ತದೆ, ಎಷ್ಟು ಮುಚ್ಚಿಡುತ್ತದೆ ಎಂಬುದು ತಿಳಿಯುತ್ತದೆ.

ಏಳನೆಯ ಹೆಜ್ಜೆ: ಆಪರೇಷನ್ಸ್ ಸುತ್ತು

ಟೀಮ್ ಲೀಡರ್ ಅಥವಾ ಮ್ಯಾನೇಜರ್ ನಡೆಸುವ ಈ ಸುತ್ತಿನಲ್ಲಿ ಕೆಲಸದ ಅಳತೆಗಳ ಪರಿಚಯವಿದ್ದರೆ ಮಾತುಕತೆ ಸಲೀಸಾಗುತ್ತದೆ. ಒಂದು ಕರೆಗೆ ಮಾತು, ಹೋಲ್ಡ್ ಮತ್ತು ನಂತರದ ಟಿಪ್ಪಣಿ ಸೇರಿ ತಗಲುವ ಸರಾಸರಿ ಸಮಯ ಎಎಚ್‌ಟಿ. ಗ್ರಾಹಕರು ಕೊಡುವ ತೃಪ್ತಿಯ ಅಂಕ ಸಿ-ಸ್ಯಾಟ್. ಮೊದಲ ಕರೆಯಲ್ಲೇ ಸಮಸ್ಯೆ ಬಗೆಹರಿದದ್ದರ ಪ್ರಮಾಣ ಎಫ್‌ಸಿಆರ್. ‘ಎಎಚ್‌ಟಿ ಮೀರುತ್ತಿದೆ, ಗ್ರಾಹಕರ ಸಮಸ್ಯೆ ಮುಗಿದಿಲ್ಲ, ಏನು ಮಾಡುತ್ತೀರಿ’ ಎಂಬುದು ಪದೇ ಪದೇ ಬರುವ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಪ್ರಾಮಾಣಿಕ ಉತ್ತರ ಒಂದೇ: ಅರ್ಧಕ್ಕೆ ಮುಗಿಸಿದ ಕರೆ ಮತ್ತೆ ಬಂದೇ ಬರುತ್ತದೆ, ಆಗ ಒಟ್ಟು ಸಮಯ ಇನ್ನೂ ಹೆಚ್ಚಾಗುತ್ತದೆ, ಆದ್ದರಿಂದ ವಿಷಯ ಬಿಟ್ಟು ಹೋಗುವ ಮಾತನ್ನು ಕಡಿಮೆ ಮಾಡಿ ಸಮಸ್ಯೆಯನ್ನು ಮುಗಿಸುತ್ತೇನೆ.

ಅನುಭವ ಆಧರಿಸಿದ ಪ್ರಶ್ನೆಗಳೂ ಇಲ್ಲಿಯೇ ಬರುತ್ತವೆ. ಉದಾಹರಣೆಗೆ ಅಮೆಜಾನ್ ಕಂಪನಿ ತನ್ನ 16 ಲೀಡರ್‌ಶಿಪ್ ತತ್ತ್ವಗಳನ್ನು ಬಹಿರಂಗವಾಗಿ ಪ್ರಕಟಿಸಿದೆ, ಅದರಲ್ಲಿ ಮೊದಲನೆಯದೇ ಕಸ್ಟಮರ್ ಅಬ್ಸೆಷನ್. ಅಲ್ಲಿನ ಸಂದರ್ಶನಗಳಲ್ಲಿ ಆ ತತ್ತ್ವಗಳಿಗೆ ತಾಳೆಯಾಗುವ ಹಿಂದಿನ ಅನುಭವಗಳನ್ನು ಕೇಳುತ್ತಾರೆ. ಇಂಥ ಪ್ರಶ್ನೆಗೆ ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ ಕೆಲಸ, ಅದರ ಫಲ ಎಂಬ ಕ್ರಮದಲ್ಲಿ ಉತ್ತರಿಸಿ. ‘ನಾವು’ ಎಂದು ಹೇಳುತ್ತಾ ಹೋಗುವುದು ನಮ್ಮಲ್ಲಿ ಸೌಜನ್ಯ. ಇಲ್ಲಿ ಮಾತ್ರ ನೀವು ಸ್ವತಃ ಮಾಡಿದ್ದೇನು ಎಂಬುದು ಬೇರೆಯಾಗಿ ಕಾಣಬೇಕು.

ಆ ಕ್ಷೇತ್ರದ ಒಂದೆರಡು ನಿಯಮಗಳನ್ನು ಓದಿಕೊಂಡು ಹೋದವರು ಥಟ್ಟನೆ ಎದ್ದು ಕಾಣುತ್ತಾರೆ. ಆನ್‌ಲೈನ್ ಮಾರಾಟಕ್ಕೆ ಸಂಬಂಧಿಸಿದ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ದೃಢಪಡಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು; ಕಂಪನಿಯಿಂದ ಪರಿಹಾರ ಸಿಗದ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗಬಹುದು. ಬ್ಯಾಂಕ್ ಸಪೋರ್ಟ್‌ಗೆ ಹೋಗುವವರು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯನ್ನು ತಿಳಿದಿರಲಿ: ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ ವ್ಯವಹಾರದ ದಿನದ ನಂತರ 5 ದಿನದೊಳಗೆ ಬ್ಯಾಂಕ್ ಅದನ್ನು ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

ಎಂಟನೆಯ ಹೆಜ್ಜೆ: ಎಚ್‌ಆರ್ ಸುತ್ತು, ಸಂಬಳ ಮತ್ತು ಪಾಳಿ

‘ಎಂಜಿನಿಯರಿಂಗ್ ಓದಿ ಇಲ್ಲಿಗೇಕೆ ಬಂದಿರಿ’, ‘ಎರಡು ವರ್ಷ ಏನು ಮಾಡುತ್ತಿದ್ದಿರಿ’, ‘ಮುಂದೆ ಓದುವ ಯೋಚನೆ ಇದೆಯೇ’ ಎಂದು ಕೇಳುತ್ತಾರೆ. ಕೆಎಎಸ್ ಅಥವಾ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದು ತೇರ್ಗಡೆಯಾಗದಿದ್ದರೆ ಅದನ್ನೇ ಹೇಳಿ, ಅಂಜಿಕೆಗೆ ಕಾರಣವಿಲ್ಲ. ಹಳೆಯ ಕೆಲಸದ ವಿಷಯದಲ್ಲಂತೂ ಸುಳ್ಳು ಹೇಳಲೇಬಾರದು. ಹಿನ್ನೆಲೆ ಪರಿಶೀಲನೆಯಲ್ಲಿ ಭವಿಷ್ಯನಿಧಿಗೆ (ಪಿಎಫ್) ನಿಮಗೆ ಸಿಗುವ ಖಾಯಂ ಸಂಖ್ಯೆಯಾದ ಯುಎಎನ್‌ನ ದಾಖಲೆಯಿಂದಲೇ ಹಿಂದಿನ ಕಂಪನಿಗಳು ಮತ್ತು ಅವಧಿ ಗೊತ್ತಾಗಬಹುದು.

ಸಂಬಳದ ಮಾತು ಬಂದಾಗ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಬೇರೆ, ಕೈಗೆ ಸಿಗುವ ಹಣ ಬೇರೆ ಎಂಬುದನ್ನು ನೆನಪಿಡಿ. ವರ್ಷಕ್ಕೆ ಮೂರು ಲಕ್ಷ ಎಂದರೆ ತಿಂಗಳಿಗೆ 25,000 ಬರುತ್ತದೆ ಎಂದು ಲೆಕ್ಕ ಹಾಕಿ ಬಾಡಿಗೆ ಮನೆ ಹಿಡಿಯಬಾರದು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ಗುರಿ ಮುಟ್ಟಿದರಷ್ಟೇ ಸಿಗುವ ಇನ್ಸೆಂಟಿವ್ ಇವೆಲ್ಲ ಆ ಮೊತ್ತದೊಳಗೇ ಇರಬಹುದು. ಉಳಿದದ್ದರಲ್ಲಿ ನಿಮ್ಮ ಪಾಲಿನ ಪಿಎಫ್ ಕಡಿತವಾಗುತ್ತದೆ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ನೌಕರರ ವಿಮಾ ಯೋಜನೆಯಾದ ಇಎಸ್‌ಐ ಅನ್ವಯಿಸಿದರೆ ಶೇ. 0.75 ಅದಕ್ಕೂ ಹೋಗುತ್ತದೆ. ಆದ್ದರಿಂದ ‘ಇನ್ಸೆಂಟಿವ್ ಬಿಟ್ಟು ತಿಂಗಳಿಗೆ ಕೈಗೆ ಬರುವ ಹಣ ಎಷ್ಟು’ ಎಂಬ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ.

ಪಾಳಿ ಮತ್ತು ಪ್ರಯಾಣದ ವಿಷಯದಲ್ಲಿ ಕೆಲಸ ಸಿಗಲೆಂದು ಎಲ್ಲದಕ್ಕೂ ಹೂಂ ಎನ್ನುವುದು ಬೇಡ. ರೊಟೇಷನಲ್ ಶಿಫ್ಟ್ ಎಂದರೆ ಪಾಳಿ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ವಾರದ ರಜೆ ಶನಿವಾರ ಭಾನುವಾರವೇ ಅಥವಾ ಬದಲಾಗುತ್ತಾ ಇರುತ್ತದೆಯೇ, ಕ್ಯಾಬ್ ಮನೆಬಾಗಿಲಿಗೆ ಬರುತ್ತದೆಯೇ, ನಿಮ್ಮ ಬಡಾವಣೆ ಅವರ ಹೈರಿಂಗ್ ಜೋನ್, ಅಂದರೆ ಅವರು ಕ್ಯಾಬ್ ಕಳುಹಿಸಿ ಕೆಲಸಕ್ಕೆ ತೆಗೆದುಕೊಳ್ಳುವ ಪ್ರದೇಶದ ಒಳಗಿದೆಯೇ ಎಂದು ಕೇಳಿ. ನಮ್ಮ ಮೆಟ್ರೊದ ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡಿದೆ, ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಮುಟ್ಟಿದೆ. ಹಗಲು ಪಾಳಿಯವರಿಗೆ ಇದು ದೊಡ್ಡ ಅನುಕೂಲವಾದರೂ ನಡುರಾತ್ರಿ ಪಾಳಿ ಮುಗಿಸುವವರಿಗೆ ಮೆಟ್ರೊ ಇರುವುದಿಲ್ಲ. ರಾತ್ರಿ ಪಾಳಿಯ ಮಹಿಳೆಯರು ಸಾರಿಗೆ ಮತ್ತು ಭದ್ರತೆಯ ಏರ್ಪಾಡನ್ನು ವಿವರವಾಗಿ ಕೇಳುವುದು ಅವರ ಹಕ್ಕಿನ ಮಾತು, ಅದರಿಂದ ಯಾರ ಅವಕಾಶವೂ ಕೈತಪ್ಪಬಾರದು.

ಒಂಬತ್ತನೆಯ ಹೆಜ್ಜೆ: ಆಫರ್ ಬಂದ ಮೇಲೆ

ಆಫರ್ ಲೆಟರ್‌ನಲ್ಲಿ ಹುದ್ದೆಯ ಹೆಸರು, ಪೇರೋಲ್ ಕಂಪನಿ, ಕೆಲಸದ ಸ್ಥಳ, ಪ್ರೊಬೇಷನ್ ಅವಧಿ ಮತ್ತು ನೋಟಿಸ್ ಪೀರಿಯಡ್ ಓದಿ. ಸೇವಾ ಬಾಂಡ್‌ಗೆ ಸಹಿ ಕೇಳಿದರೆ ಎಷ್ಟು ತಿಂಗಳು, ಮುರಿದರೆ ಎಷ್ಟು ಹಣ ಎಂಬುದನ್ನು ಲಿಖಿತವಾಗಿ ನೋಡದೆ ಸಹಿ ಹಾಕಬೇಡಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ಪಡೆಯಿರಿ, ಯಾರ ಬಳಿಯೂ ಬಿಟ್ಟು ಬರಬೇಡಿ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮತ್ತು ಅಂಕಪಟ್ಟಿಗಳಲ್ಲಿ ಹೆಸರು, ಇನಿಷಿಯಲ್ ಬೇರೆ ಬೇರೆಯಿದ್ದರೆ ಈಗಲೇ ಸರಿಪಡಿಸಿಕೊಳ್ಳಲು ಶುರು ಮಾಡಿ, ಏಕೆಂದರೆ ತಂದೆಯ ಹೆಸರು ಒಂದೆಡೆ ಪೂರ್ತಿ, ಇನ್ನೊಂದೆಡೆ ಒಂದೇ ಅಕ್ಷರ ಇರುವುದು ನಮ್ಮಲ್ಲಿ ಸಾಮಾನ್ಯ ಮತ್ತು ಪಿಎಫ್ ನೋಂದಣಿಯಲ್ಲಿ ಇದೇ ತೊಡಕಾಗುತ್ತದೆ.

ಸೇರಿದ ಕೂಡಲೇ ನಿಜವಾದ ಕರೆಗಳಿಗೆ ಕೂರಿಸುವುದಿಲ್ಲ. ಮೊದಲು ತರಗತಿಯ ತರಬೇತಿ, ಅದರ ಕೊನೆಗೆ ಸರ್ಟಿಫಿಕೇಷನ್ ಪರೀಕ್ಷೆ, ನಂತರ ಹಿರಿಯರ ನಿಗಾದಲ್ಲಿ ಕರೆ ತೆಗೆದುಕೊಳ್ಳುವ ನೆಸ್ಟಿಂಗ್ ಹಂತ ಇರುತ್ತದೆ. ತರಬೇತಿಯ ದಿನಗಳಿಗೆ ಪೂರ್ಣ ಸಂಬಳವೇ ಅಥವಾ ಸ್ಟೈಪೆಂಡೇ, ಸರ್ಟಿಫಿಕೇಷನ್‌ನಲ್ಲಿ ತೇರ್ಗಡೆಯಾಗದಿದ್ದರೆ ಇನ್ನೊಂದು ಅವಕಾಶವಿದೆಯೇ ಅಥವಾ ಕೆಲಸವೇ ಹೋಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ, ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡುವ ಮುನ್ನವೇ, ಇಮೇಲ್ ಮೂಲಕ ಉತ್ತರ ಪಡೆದುಕೊಳ್ಳಿ.